ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸಿದರೂ ಪಿ0135 ಮತ್ತೆ ಬಂದಿದೆ: ಇಸಿಎಂ ಕೆಟ್ಟಿದೆ ಎಂದು ನಂಬಬೇಕೇ?

ಸಿಂಧನೂರು ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾರು 2017ರದು. 1.2 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಬಿಎಸ್4. ಮನೆ ಸಿಂಧನೂರಿನಲ್ಲಿ, ಶಾಲೆ ಮಸ್ಕಿಯ ಆಚೆ. ಮಾರ್ಚ್ ಕೊನೆಯಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಓಡಿಸುವಾಗ ಹೇಳಿಕೊಳ್ಳುವಂಥ ವ್ಯತ್ಯಾಸ ತಿಳಿಯಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಪೆಟ್ರೋಲ್ ವಾಸನೆ ಹೆಚ್ಚು ಬರುತ್ತಿತ್ತು, ಮೈಲೇಜ್ ಲೀಟರಿಗೆ ಒಂದೆರಡು ಕಿಲೋಮೀಟರ್ ಇಳಿದಿತ್ತು, ಅಷ್ಟೇ.

ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಪಿ0135 ಎಂಬ ದೋಷದ ಕೋಡ್ ಬಂತು, ಆಕ್ಸಿಜನ್ ಸೆನ್ಸರಿನ ಹೀಟರಿಗೆ ಸಂಬಂಧಿಸಿದ್ದಂತೆ. ಮೊದಲನೆಯ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೇಳಿ ಅವತ್ತೇ ಬದಲಿಸಿದರು. ಕೂಲಿ ಸೇರಿ ಐದು ಸಾವಿರದ ಹತ್ತಿರ ಆಯಿತು. ಕೋಡ್ ಅಳಿಸಿದರು, ದೀಪ ಆರಿತು. ವಾರ ತುಂಬುವುದರೊಳಗೆ ಮತ್ತೆ ಅದೇ ದೀಪ, ಅದೇ ಕೋಡ್. ಈಗ ಅವರು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಕೆಟ್ಟಿರಬೇಕು, ಬಿಚ್ಚಿ ಬೆಂಗಳೂರಿಗೆ ಕಳಿಸಬೇಕು, ಹದಿನೈದು ಸಾವಿರದ ಮೇಲೆ ಆಗಬಹುದು ಎನ್ನುತ್ತಿದ್ದಾರೆ. ಕಾರಣ ಕೇಳಿದರೆ "ಸೆನ್ಸರ್ ಹೊಸದು ಹಾಕಿದ್ದೇವಲ್ಲ, ಇನ್ನು ಉಳಿದಿದ್ದು ಅದೊಂದೇ" ಎನ್ನುತ್ತಾರೆ. ಈ ತರ್ಕಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ನಡುವೆ ತಂತಿ ಇದೆ, ಫ್ಯೂಸ್ ಇದೆ, ಅವನ್ನು ಯಾರೂ ಮುಟ್ಟಿಯೂ ನೋಡಿಲ್ಲ.

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮಲ್ಟಿಮೀಟರ್ ಬಳಸಲು ಬರುತ್ತದೆ. ಗಾಡಿಯಲ್ಲಿ ಯಾವ ಎರಡು ತುದಿಗಳ ನಡುವೆ ಅಳೆಯಬೇಕು, ಎಷ್ಟು ಬಂದರೆ ಸರಿ ಎಂದು ತಿಳಿದವರು ಹೇಳಿದರೆ ನಾನೇ ಅಳೆಯುತ್ತೇನೆ. ಇನ್ನೂ ಎರಡು ಸಂದೇಹಗಳಿವೆ. ನಮ್ಮ ಕಡೆ ಈಗ ಮಧ್ಯಾಹ್ನ 42 ಡಿಗ್ರಿ ಬಿಸಿಲು. ಇಂಥ ಊರಿನಲ್ಲಿ ಸೆನ್ಸರಿಗೆ ಹೀಟರ್ ಏಕೆ ಬೇಕು? ಮತ್ತು ಈ ದೀಪ ಹೊತ್ತಿರುವಾಗ ದಿನಾ ಶಾಲೆಗೆ ಓಡಿಸಿದರೆ ಎಂಜಿನ್‌ಗೆ ಹಾನಿಯಾಗುತ್ತದೆಯೇ?

ರಾಯಚೂರು ಪ್ರವಾಸಿ

ಮೇಡಂ, ಇದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿನ ಕಾಟ ಇರಬಹುದು. ನನ್ನ ಸ್ನೇಹಿತರ ಕಾರಿನಲ್ಲೂ ಹಳದಿ ದೀಪ ಬಂದಿತ್ತು. ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಹಾಕಿ ಓಡಿಸಿದ ಮೇಲೆ ಹೋಯಿತು. ಸೆನ್ಸರ್ ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ತೊಳೆದರೂ ಆಗುತ್ತದೆ ಎಂದು ಕೇಳಿದ್ದೇನೆ. ಇಸಿಎಂ ಕಳಿಸುವ ಮೊದಲು ಇವನ್ನು ಮಾಡಿ ನೋಡಿ.

ಬಳ್ಳಾರಿ ಆಟೊ ವೈರಿಂಗ್

ಅಕ್ಕಾವರೆ, ದಯವಿಟ್ಟು ಇಸಿಎಂ ಬಿಚ್ಚಲು ಬಿಡಬೇಡಿ. ಸೆನ್ಸರನ್ನು ಪೆಟ್ರೋಲಿನಲ್ಲಿ ನೆನೆಸುವುದೂ ಬೇಡ.

ರಾಯಚೂರಿನ ಅಣ್ಣಾವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ. ಆದರೆ ಪಿ0135 ಪೆಟ್ರೋಲಿಗೆ ಸಂಬಂಧಿಸಿದ ಕೋಡ್ ಅಲ್ಲ. ಗಾಳಿ, ಪೆಟ್ರೋಲಿನ ಮಿಶ್ರಣದಲ್ಲಿ ಏರುಪೇರಾದರೆ ಪಿ0171, ಪಿ0172 ಬರುತ್ತವೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತರೆ ಪಿ0420 ಬರುತ್ತದೆ. ಪಿ0135 ಹೇಳುವುದು ಇಷ್ಟೇ: ಕನ್ವರ್ಟರಿಗಿಂತ ಮೊದಲು ಇರುವ ಸೆನ್ಸರಿನ ಹೀಟರ್ ಸರ್ಕ್ಯೂಟ್‌ನಲ್ಲಿ ಹರಿಯಬೇಕಾದಷ್ಟು ಕರೆಂಟ್ ಹರಿಯುತ್ತಿಲ್ಲ. ಸರ್ಕ್ಯೂಟ್ ಎಂದರೆ ಫ್ಯೂಸ್, ರಿಲೇ (ಕರೆಂಟ್ ಬಿಡುವ ಸ್ವಿಚ್), ತಂತಿ, ಕಪ್ಲರ್ (ತಂತಿಗಳನ್ನು ಸೇರಿಸುವ ಪ್ಲಗ್), ಹೀಟರ್, ಇಸಿಎಂ ಎಲ್ಲವೂ ಸೇರಿ. ಸ್ಕ್ಯಾನರ್ ಸೆನ್ಸರ್ ಕೆಟ್ಟಿದೆ ಎಂದು ಹೇಳಿರಲಿಲ್ಲ. ಅದನ್ನು ಹೇಳಿದವರು ಸ್ಕ್ಯಾನರ್ ಹಿಡಿದವರು. ನನಗೆ ಬೇಸರವಾಗುವುದು ಇಲ್ಲಿಯೇ. ಕೌಲ್ ಬಜಾರಿನಲ್ಲಿ ಅದಿರಿನ ಲಾರಿಗಳ ವೈರಿಂಗ್ ಮಾಡುತ್ತ ಈ ಕೆಲಸ ಕಲಿತವನು ನಾನು. ಆಗ ಸ್ಕ್ಯಾನರ್ ಇರಲಿಲ್ಲ, ಒಂದು ಬಲ್ಬು ಮತ್ತು ಎರಡು ತಂತಿ ಇದ್ದವು. ಕರೆಂಟ್ ಎಲ್ಲಿಯವರೆಗೆ ಬಂದಿದೆ ಎಂದು ನೋಡದೆ ಯಾರೂ ಸಾಮಾನು ಬದಲಿಸುತ್ತಿರಲಿಲ್ಲ. ಈಗ ಕೋಡ್ ನೋಡಿದ ಕೂಡಲೇ ಅಂಗಡಿಗೆ ಫೋನ್ ಮಾಡುತ್ತಾರೆ. ಹಣ ಹೋಗುವುದು ಗಿರಾಕಿಯದು.

ಮೊದಲು ನಿಮ್ಮ ಬಿಸಿಲಿನ ಪ್ರಶ್ನೆ. ಸೆನ್ಸರಿನ ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿ ಇರುತ್ತದೆ. ಅದರ ಒಂದು ಮೈ ಎಂಜಿನ್ ಹೊಗೆಗೆ, ಇನ್ನೊಂದು ಮೈ ಹೊರಗಿನ ಗಾಳಿಗೆ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸದಿಂದ ಅದು 0.1ರಿಂದ 0.9 ವೋಲ್ಟ್‌ವರೆಗೆ ಹುಟ್ಟಿಸುತ್ತದೆ. ಅದನ್ನು ನೋಡಿಕೊಂಡು ಇಸಿಎಂ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಈ ಪಿಂಗಾಣಿ 300–350 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ನಂಬುವಂಥ ವೋಲ್ಟೇಜ್ ಕೊಡುವುದಿಲ್ಲ. ಸಿಂಧನೂರಿನ 42 ಡಿಗ್ರಿಯೂ ಮಡಿಕೇರಿಯ 15 ಡಿಗ್ರಿಯೂ ಅದಕ್ಕೆ ಒಂದೇ. 1976ರಲ್ಲಿ ಬಾಷ್ ಕಂಪನಿ ವೋಲ್ವೊ ಕಾರಿಗೆ ಕೊಟ್ಟ ಮೊದಲ ಸೆನ್ಸರಿಗೆ ಹೀಟರ್ ಇರಲಿಲ್ಲ. ಹೊಗೆಯ ಬಿಸಿಯಿಂದಲೇ ಅದು ಕಾಯಬೇಕಿತ್ತು. ಅಲ್ಲಿಯವರೆಗೆ ಎಂಜಿನ್ ಅಂದಾಜಿನ ಮೇಲೆ ಪೆಟ್ರೋಲ್ ಕುಡಿಯುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಸೆನ್ಸರ್ ಮತ್ತೆ ತಣ್ಣಗಾಗುತ್ತಿತ್ತು. 1980ರ ದಶಕದಲ್ಲಿ ಒಳಗೆ ಹೀಟರ್ ಕೂರಿಸಿದ ಮೇಲೆ ನಿಮಿಷದೊಳಗೆ ಕೆಲಸಕ್ಕೆ ಸಿದ್ಧವಾಗತೊಡಗಿತು. ಬೆಳಿಗ್ಗೆ ನಿಮಗೆ ಬರುವ ಪೆಟ್ರೋಲ್ ವಾಸನೆ, ಇಳಿದ ಮೈಲೇಜ್ ಎರಡಕ್ಕೂ ಇದು ಕಾರಣವಾಗಿರಬಹುದು.

ಓಡಿಸಬಹುದೇ? ಓಡಿಸಬಹುದು. ಹೆದ್ದಾರಿಯಲ್ಲಿ ಹೊಗೆಯ ಬಿಸಿಗೆ ಸೆನ್ಸರ್ ತಾನಾಗಿ ಕಾದು ಕೆಲಸ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ, ಸ್ಟಾರ್ಟ್ ಮಾಡಿದಾಗಲೆಲ್ಲ ಹೆಚ್ಚಿಗೆ ಹೋಗುವ ಪೆಟ್ರೋಲ್ ಕನ್ವರ್ಟರನ್ನು ಕೆಡಿಸಬಹುದು. ಅದು ಸೆನ್ಸರಿಗಿಂತ ಎಷ್ಟೋ ಪಟ್ಟು ದುಬಾರಿ. ಇನ್ನೊಂದು ತೊಂದರೆಯೂ ಇದೆ. ದೀಪ ಮೊದಲೇ ಹೊತ್ತಿದ್ದರೆ ನಾಳೆ ಬೇರೆ ದೋಷ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ದೀಪ ಸುಮ್ಮನೆ ಉರಿಯುವ ಬದಲು ಮಿನುಗತೊಡಗಿದರೆ ಮಾತ್ರ ಓಡಿಸಬೇಡಿ. ಅದು ಮಿಸ್‌ಫೈರ್ ಲಕ್ಷಣ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಈಗ ಅಳತೆಗೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಿ. ಸೈಲೆನ್ಸರ್ ಪೈಪಿನ ಮೇಲ್ತುದಿಯಲ್ಲಿ ಕೂತ ಸೆನ್ಸರಿನಿಂದ ಹೊರಡುವ ನಾಲ್ಕು ತಂತಿಗಳನ್ನು ಹಿಡಿದುಕೊಂಡು ಹೋದರೆ ಕಪ್ಲರ್ ಸಿಗುತ್ತದೆ. ಲಾಕ್ ಒತ್ತಿ ಬಿಡಿಸಿ, ತಂತಿ ಹಿಡಿದು ಎಳೆಯಬೇಡಿ.

ಸೆನ್ಸರಿನ ಕಡೆ ನೋಡಿ. ನಾಲ್ಕರಲ್ಲಿ ಎರಡು ತಂತಿಗಳು ಒಂದೇ ಬಣ್ಣದವು, ಹೆಚ್ಚಿನವುಗಳಲ್ಲಿ ಎರಡೂ ಬಿಳಿ ಅಥವಾ ಎರಡೂ ಕಪ್ಪು. ಅವೇ ಹೀಟರಿನವು. ಆ ಎರಡರ ನಡುವೆ ಓಂ ಅಳೆಯಿರಿ. ನಿಮ್ಮಂಥ ಗಾಡಿಗಳ ಸೆನ್ಸರುಗಳಲ್ಲಿ ತಣ್ಣಗಿರುವಾಗ ಸಾಮಾನ್ಯವಾಗಿ 5ರಿಂದ 15 ಓಂ ಒಳಗೆ ಬರುತ್ತದೆ. ಏನೂ ತೋರಿಸದಿದ್ದರೆ ಹೀಟರ್ ಒಳಗೆ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ. ಉಳಿದ ಎರಡು ತಂತಿಗಳು ಸಿಗ್ನಲಿನವು. ಅವುಗಳ ಮೇಲೆ ಓಂ ಅಳತೆ ಮಾಡಲೇಬೇಡಿ. ಮೀಟರಿನಿಂದ ಹರಿಯುವ ಕರೆಂಟ್ ಪಿಂಗಾಣಿಗೆ ಒಳ್ಳೆಯದಲ್ಲ.

ಗಾಡಿಯ ಕಡೆಯ ಕಪ್ಲರಿನಲ್ಲಿ, ಹೀಟರ್ ತಂತಿಗಳಿಗೆ ಎದುರಾಗುವ ಎರಡು ಪಿನ್ ಗುರುತು ಮಾಡಿಕೊಳ್ಳಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್‌ಗೆ ಇಟ್ಟು ಎರಡೂ ಪಿನ್ ನೋಡಿ. ಒಂದರಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಅದು ಸಪ್ಲೈ. ಇನ್ನೊಂದು ಇಸಿಎಂಗೆ ಹೋಗುವ ಕಂಟ್ರೋಲ್ ತಂತಿ. ಇಸಿಎಂ ಅದನ್ನು ಬಿಟ್ಟು ಬಿಟ್ಟು ಅರ್ತ್‌ಗೆ ಸೇರಿಸುತ್ತ ಹೀಟರನ್ನು ನಡೆಸುತ್ತದೆ.

ಮೀಟರಿನಲ್ಲಿ 12 ವೋಲ್ಟ್ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಕಡೆಯ ಎಡದಂಡೆ ಕಾಲುವೆಯಲ್ಲಿ ತೂಬು ಮುಚ್ಚಿದಾಗ ಕೊನೆಯ ಭಾಗದಲ್ಲೂ ನೀರು ತುಂಬಿ ನಿಂತಂತೆ ಕಾಣುತ್ತದೆ, ತೂಬು ಎತ್ತಿದಾಗ ಗದ್ದೆಗೆ ಎಷ್ಟು ಹರಿಯಿತು ಎಂಬುದೇ ಲೆಕ್ಕ. ಹಾಗಾಗಿ ಹೊರೆ ಹಾಕಿ ನೋಡಬೇಕು. ಇಂಡಿಕೇಟರಿನ 21 ವ್ಯಾಟ್ ಬಲ್ಬು ಒಂದನ್ನು ತಂದು ಎರಡು ತಂತಿ ಬೆಸುಗೆ ಹಾಕಿಸಿಕೊಳ್ಳಿ. ಒಂದು ತುದಿ ಸಪ್ಲೈ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. ಬಲ್ಬು ಕಣ್ಣಿಗೆ ಹೊಡೆಯುವಂತೆ ಉರಿಯಬೇಕು. ಉರಿಯುತ್ತಿರುವಾಗಲೇ ಅದೇ ಪಿನ್ನಿನಲ್ಲಿ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ಇಸಿಎಂ ಪರೀಕ್ಷೆಗೆ 21 ವ್ಯಾಟ್ ಬೇಡ, 5 ವ್ಯಾಟಿನ ಚಿಕ್ಕ ಬಲ್ಬು ಸಾಕು. ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಂಟ್ರೋಲ್ ಪಿನ್ನಿಗೆ. ಈಗ ಎಂಜಿನ್ ಸ್ಟಾರ್ಟ್ ಮಾಡಿ. ಬಲ್ಬು ಮಿನುಗಿದರೆ ಅಥವಾ ಉರಿದರೆ ಇಸಿಎಂ ತನ್ನ ಕೆಲಸ ಮಾಡುತ್ತಿದೆ. ತಂತಿಗಳು ಫ್ಯಾನಿಗೆ, ಬೆಲ್ಟಿಗೆ ಸಿಗದಂತೆ ನೋಡಿಕೊಳ್ಳಿ. ಸೀರೆಯ ಸೆರಗು, ದುಪಟ್ಟಾ ಇದ್ದರೆ ಬಿಗಿಯಾಗಿ ಕಟ್ಟಿಕೊಳ್ಳಿ. ಕಪ್ಲರ್ ಬಿಡಿಸಿ ಎಂಜಿನ್ ನಡೆಸಿದ್ದಕ್ಕೆ ಇನ್ನೊಂದೆರಡು ಕೋಡ್ ಬರಬಹುದು. ಗಾಬರಿ ಬೇಡ, ಕೊನೆಯಲ್ಲಿ ಅಳಿಸಿದರೆ ಆಯಿತು.

ಎರಡು ವಿಷಯ ತಿಳಿಸಿ. ಕನ್ವರ್ಟರ್ ಆಚೆಯ ಎರಡನೇ ಸೆನ್ಸರಿನ ಹೀಟರ್ ಕೋಡ್ ಪಿ0141 ಕೂಡ ಬಂದಿತ್ತೇ? ಮತ್ತು ಬಿಚ್ಚಿದ ಹಳೆಯ ಸೆನ್ಸರ್ ನಿಮ್ಮ ಹತ್ತಿರ ಇದೆಯೇ? ಇದ್ದರೆ ಅದರ ಹೀಟರನ್ನೂ ಅಳೆಯಿರಿ.

ಗಂಗಾವತಿ ಟ್ಯಾಕ್ಸಿ ಚಾಲಕ

ಬಳ್ಳಾರಿ ಅಣ್ಣಾವರು ಪಿ0141 ಬಂದಿತ್ತೇ ಎಂದು ಏಕೆ ಕೇಳಿದರು ಎಂದು ನನ್ನ ಗಾಡಿಯ ಅನುಭವದಿಂದ ಹೇಳುತ್ತೇನೆ. ಆನೆಗೊಂದಿ, ಹಂಪಿ ಕಡೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಗಾಡಿ ಅದು. ಅದರಲ್ಲಿ ಪಿ0135, ಪಿ0141 ಎರಡೂ ಒಂದೇ ದಿನ ಬಂದವು. ಎರಡು ಸೆನ್ಸರುಗಳು ಒಂದೇ ದಿನ ಸಾಯುವುದು ಉಂಟೇ? ಬಾನೆಟ್ ಒಳಗಿನ ಫ್ಯೂಸ್ ಪೆಟ್ಟಿಗೆ ತೆರೆದರೆ ಎರಡೂ ಹೀಟರುಗಳಿಗೆ ಸೇರಿದ ಒಂದೇ ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದರೆ ಅದೂ ಹೋಯಿತು. ಗಾಡಿ ಎತ್ತಿ ನೋಡಿದಾಗ ಹಿಂದಿನ ಸೆನ್ಸರಿನ ತಂತಿಯ ಕ್ಲಿಪ್ ಮುರಿದು, ತಂತಿ ಸೈಲೆನ್ಸರಿನ ಮೇಲೆ ಬಿದ್ದು ಕರಗಿ ಬಾಡಿಗೆ ಅಂಟಿಕೊಂಡಿತ್ತು. ತಂತಿ ಬದಲಿಸಿ ಕ್ಲಿಪ್ ಹಾಕಿದ ಮೇಲೆ ಎರಡೂ ಕೋಡ್ ಹೋದವು. ಫ್ಯೂಸ್ ಹೋಗುತ್ತಿದೆ ಎಂದು ದೊಡ್ಡ ಆಂಪಿಯರಿನ ಫ್ಯೂಸ್ ಹಾಕುವವರಿದ್ದಾರೆ. ಅದು ಬೆಂಕಿಗೆ ದಾರಿ.

ಮುಂದೆ ಯಾರಾದರೂ ಸೆನ್ಸರ್ ಬಿಚ್ಚುವುದಿದ್ದರೆ ಒಂದು ಮಾತು. ಅದರ ಮರೆ, ಅಂದರೆ ತಿರುಪಿನ ಸುತ್ತು, 18 ಮಿಲಿಮೀಟರಿನದು, ಪಾನಾ 22ರದು. ತಂತಿ ಹೊರಗೆ ಬರಲು ಪಕ್ಕದಲ್ಲಿ ಸೀಳು ಇರುವ ಸಾಕೆಟ್ ಸಿಗುತ್ತದೆ, ಅದನ್ನೇ ಬಳಸಿ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ತಿರುಗಿಸಿದರೆ ಮರೆ ಕೀಳುವುದಿಲ್ಲ.

ಸಿಂಧನೂರು ವಿಜ್ಞಾನ ಶಿಕ್ಷಕಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಅಣ್ಣಾವರಿಗೆ ತುಂಬ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಎಲ್ಲವನ್ನೂ ಅಳೆದೆ. ಪಿ0141 ಒಮ್ಮೆಯೂ ಬಂದಿಲ್ಲ. ಹಳೆಯ ಸೆನ್ಸರನ್ನು ಅವತ್ತೇ ಕೇಳಿ ತೆಗೆದುಕೊಂಡಿದ್ದೆ.

ಹೊಸ ಸೆನ್ಸರಿನ ಹೀಟರ್ 12.8 ಓಂ. ಹಳೆಯದು 13.1 ಓಂ. ಬ್ಯಾಟರಿ 12.5 ವೋಲ್ಟ್. ಕೀ ಆನ್ ಮಾಡಿದಾಗ ಸಪ್ಲೈ ಪಿನ್ನಿನಲ್ಲಿ 12.4 ವೋಲ್ಟ್. ಇಲ್ಲಿಯವರೆಗೆ ಎಲ್ಲವೂ ಸರಿ ಎಂದುಕೊಂಡೆ. 21 ವ್ಯಾಟಿನ ಬಲ್ಬು ಸೇರಿಸಿದಾಗ ಅದು ಮಂಕಾಗಿ, ಕೆಂಪಗೆ ಉರಿಯಿತು. ಆಗ ಅದೇ ಪಿನ್ನಿನಲ್ಲಿ 6 ವೋಲ್ಟಿಗೆ ಇಳಿದಿತ್ತು. ಅದೇ ಬಲ್ಬನ್ನು ನೇರವಾಗಿ ಬ್ಯಾಟರಿಗೆ ಹಿಡಿದರೆ ಜೋರಾಗಿ ಉರಿಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಕಂಟ್ರೋಲ್ ಪಿನ್ನಿನಲ್ಲಿ 5 ವ್ಯಾಟಿನ ಬಲ್ಬು ಹಿಡಿದಾಗ ಮಿನುಗುತ್ತ ಉರಿಯಿತು.

ನನ್ನ ಲೆಕ್ಕ ಹೀಗಿದೆ. ಬಲ್ಬಿನಲ್ಲಿ ಆಗ ಸುಮಾರು 1.2 ಆಂಪಿಯರ್ ಹರಿಯುತ್ತಿತ್ತು ಎಂದುಕೊಂಡರೆ, ಸಪ್ಲೈ ದಾರಿಯಲ್ಲಿ 5 ಓಂನಷ್ಟು ಪ್ರತಿರೋಧ ಇದೆ. ತಂತಿಯ ಕೆಲವು ಎಳೆಗಳು ತುಂಡಾಗಿ ಒಂದೆರಡೇ ಉಳಿದಿರಬಹುದೇ?

ಬಳ್ಳಾರಿ ಆಟೊ ವೈರಿಂಗ್

ಅಕ್ಕಾವರೆ, ಇಷ್ಟು ಅಚ್ಚುಕಟ್ಟಾದ ಅಳತೆ ಗ್ಯಾರೇಜಿನಲ್ಲಿ ಆಗಿದ್ದರೆ ನಿಮ್ಮ ಐದು ಸಾವಿರ ಉಳಿಯುತ್ತಿತ್ತು. ಹಳೆಯ ಸೆನ್ಸರಿನ ಹೀಟರ್ ಕೆಟ್ಟಿರಲಿಲ್ಲ. ಇಸಿಎಂ ಕೂಡ ಕೆಟ್ಟಿಲ್ಲ, ಬಲ್ಬು ಮಿನುಗಿದ್ದೇ ಸಾಕ್ಷಿ. ಫ್ಯೂಸ್, ರಿಲೇ ಕೂಡ ಬಹುತೇಕ ಸರಿ ಇವೆ, ಇಲ್ಲದಿದ್ದರೆ ಹಿಂದಿನ ಸೆನ್ಸರೂ ದೂರು ಹೇಳುತ್ತಿತ್ತು. ಉಳಿದಿದ್ದು ಸಪ್ಲೈ ತಂತಿ ಎರಡೂ ಸೆನ್ಸರುಗಳಿಗೆ ಕವಲೊಡೆಯುವ ಜಾಗದಿಂದ ಮುಂದಿನ ಸೆನ್ಸರಿನ ಕಪ್ಲರ್‌ವರೆಗಿನ ತುಂಡು. ಒಂದೂವರೆ ಮೀಟರಿಗಿಂತ ಹೆಚ್ಚಿರಲಾರದು.

ನಿಮ್ಮ ಲೆಕ್ಕ ಸರಿ, ಊಹೆ ಮಾತ್ರ ಸ್ವಲ್ಪ ಬದಲಾಗಬೇಕು. ತಾಮ್ರದ ಒಂದೇ ಎಳೆ ಉಳಿದಿದ್ದರೂ ಒಂದು ಸೆಂಟಿಮೀಟರ್ ಉದ್ದಕ್ಕೆ ಓಂನ ನೂರರಲ್ಲಿ ಒಂದು ಭಾಗವೂ ಪ್ರತಿರೋಧ ಬರುವುದಿಲ್ಲ. 5 ಓಂ ಬರಬೇಕಾದರೆ ಎಳೆಗಳು ಪೂರ್ತಿ ತುಂಡಾಗಿ, ಕಿಲುಬು ಹಿಡಿದ ತುದಿಗಳು ಒಂದಕ್ಕೊಂದು ತಾಗಿಕೊಂಡು ಕುಳಿತಿರಬೇಕು. ಅಥವಾ ಕಪ್ಲರಿನ ಹೆಣ್ಣು ಪಿನ್ ಸಡಿಲಾಗಿ ಕಪ್ಪಾಗಿರಬೇಕು. ಸಂಡೂರು ಕಡೆಯಿಂದ ಬರುವ ಗಾಡಿಗಳಲ್ಲಿ ಕಪ್ಲರಿನೊಳಗೆ ಅದಿರಿನ ಕೆಂಪು ಧೂಳು ತುಂಬಿರುವುದನ್ನು ನಾನು ದಿನಾ ನೋಡುತ್ತೇನೆ. ಆದರೆ ನಿಮ್ಮ ಊರಿನ ಗಾಡಿ ಎಂದ ಕೂಡಲೇ ನನಗೆ ಇಲಿಯ ನೆನಪಾಗುತ್ತದೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಪಕ್ಕದಲ್ಲಿ ಭತ್ತದ ಚೀಲ, ಗೋದಾಮು ಏನಾದರೂ ಇದೆಯೇ? ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಚೀಲಗಳ ಹಿಂದೆಯೇ ಊರಿಗೆ ಬರುತ್ತವೆ. ಎಂಜಿನ್ ಮೇಲೆ ರಾತ್ರಿ ಬೆಚ್ಚಗೆ ಕೂತು ತಂತಿ ಕಡಿಯುತ್ತವೆ.

ಹುಡುಕುವ ವಿಧಾನ ಹೇಳುತ್ತೇನೆ. 21 ವ್ಯಾಟಿನ ಬಲ್ಬನ್ನು ಮೊದಲಿನಂತೆ ಸಪ್ಲೈ ಪಿನ್ನಿಗೆ ಸೇರಿಸಿ, ಕಣ್ಣಿಗೆ ಕಾಣುವಂತೆ ಗಾಜಿನ ಮೇಲೆ ಇಡಿ. ಕೀ ಆನ್ ಇರಲಿ, ಎಂಜಿನ್ ಬಂದ್ ಇರಲಿ. ಕಪ್ಲರಿನಿಂದ ಶುರುಮಾಡಿ ತಂತಿಯ ಕಟ್ಟನ್ನು ಎರಡೂ ಕೈಗಳಲ್ಲಿ ಹಿಡಿದು, ಒಂದೊಂದು ಗೇಣು ಮುಂದೆ ಹೋಗುತ್ತ ಮೆಲ್ಲಗೆ ಬಗ್ಗಿಸಿ, ಒತ್ತಿ ನೋಡಿ. ಎಲ್ಲಿ ಮುಟ್ಟಿದಾಗ ಬಲ್ಬು ಒಮ್ಮೆಗೇ ಜೋರಾಗುತ್ತದೋ ಅಥವಾ ಆರುತ್ತದೋ ದೋಷ ಅಲ್ಲೇ ಇದೆ. ಕಪ್ಪು ಸುಕ್ಕು ಕೊಳವೆಯ ಒಳಗಿನದು ಹೊರಗೆ ಕಾಣುವುದಿಲ್ಲ, ಸೀಳಿನಲ್ಲಿ ಬಿಡಿಸಿ ನೋಡಬೇಕು. ಬಲ್ಬು ತುಂಬ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ರಾಯಚೂರು ಪ್ರವಾಸಿ

ವಿವರವಾಗಿ ತಿಳಿಸಿದ್ದಕ್ಕೆ ವಂದನೆಗಳು. ಒಂದು ಸಂದೇಹ. ಇಷ್ಟು ಪರೀಕ್ಷೆ ಮಾಡುವ ಬದಲು ಹೀಟರಿಗೆ ಬ್ಯಾಟರಿಯಿಂದ ಬೇರೆ ತಂತಿ ನೇರವಾಗಿ ಎಳೆದರೆ ಆಗದೇ? ನಮ್ಮಲ್ಲಿ ಒಬ್ಬರು ಹಾಗೆ ಮಾಡಿಕೊಡುತ್ತೇನೆ ಎನ್ನುತ್ತಾರೆ.

ಬಳ್ಳಾರಿ ಆಟೊ ವೈರಿಂಗ್

ಹಾಗೆ ಮಾಡಿಸಬೇಡಿ, ಸರ್. ಕಂಪನಿಯ ಸಪ್ಲೈ ಫ್ಯೂಸ್ ಮತ್ತು ರಿಲೇ ದಾಟಿ ಬರುತ್ತದೆ, ಕೀ ಬಂದ್ ಮಾಡಿದರೆ ನಿಲ್ಲುತ್ತದೆ. ಬ್ಯಾಟರಿಯಿಂದ ನೇರ ಎಳೆದ ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಅದು ಸೈಲೆನ್ಸರಿಗೆ ತಾಗಿದರೆ ಕಾಯಲು ಫ್ಯೂಸ್ ಇಲ್ಲ. ಕೆಲವರು ಇನ್ನೊಂದು ತುದಿಯನ್ನೂ ಬಾಡಿ ಅರ್ತ್‌ಗೆ ಕೊಟ್ಟುಬಿಡುತ್ತಾರೆ. ಇಸಿಎಂ ಹೀಟರನ್ನು ಹದವಾಗಿ ಕಾಯಿಸುವುದಕ್ಕೆ ಕಾರಣವಿದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಸೈಲೆನ್ಸರಿನಲ್ಲಿ ನೀರಿನ ಹನಿ ಇರುತ್ತದೆ, ಅದು ಪೂರ್ತಿ ಕಾದ ಪಿಂಗಾಣಿಗೆ ಸಿಡಿದರೆ ಬಿರುಕು ಬಿಡುತ್ತದೆ. ದೋಷ ಇರುವ ಒಂದು ಗೇಣು ತಂತಿ ಬದಲಿಸುವುದು ಇದಕ್ಕಿಂತ ಅಗ್ಗ.

ಸಿಂಧನೂರು ವಿಜ್ಞಾನ ಶಿಕ್ಷಕಿ

ಅಣ್ಣಾವರೆ, ಸಿಕ್ಕಿತು!

ನೀವು ಕೇಳಿದ್ದು ಸರಿ. ನಮ್ಮ ಗಾಡಿ ನಿಲ್ಲುವುದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅದರ ಅರ್ಧ ಭಾಗದಲ್ಲಿ ನಮ್ಮ ಮಾವನವರು ಭತ್ತದ ಚೀಲ ಒಟ್ಟುತ್ತಾರೆ. ಬಲ್ಬು ಗಾಜಿನ ಮೇಲಿಟ್ಟು ಮಗಳಿಗೆ ನೋಡುತ್ತಿರಲು ಹೇಳಿ ತಂತಿ ಒತ್ತುತ್ತ ಹೋದೆ. ಬ್ಯಾಟರಿಯ ತಟ್ಟೆಯ ಕೆಳಗೆ ತಂತಿಯ ಕಟ್ಟು ತಿರುಗುವ ಕಡೆ ಕೈ ಇಟ್ಟಾಗ "ಅಮ್ಮಾ, ಜೋರಾಯಿತು" ಎಂದು ಕೂಗಿದಳು. ಕೊಳವೆ ಬಿಡಿಸಿದರೆ ಒಳಗೆ ಭತ್ತದ ಹೊಟ್ಟು, ಇಲಿಯ ಹಿಕ್ಕೆ. ಒಂದು ತಂತಿಯ ಮೇಲುಹೊದಿಕೆ ಬೆರಳಗಲ ಇರಲಿಲ್ಲ. ಒಳಗಿನ ತಾಮ್ರ ಪೂರ್ತಿ ಹಸಿರು. ಉಗುರಿನಿಂದ ಮುಟ್ಟಿದರೆ ಪುಡಿಯಾಗಿ ಉದುರಿತು, ಎರಡು ತುದಿಗಳೂ ಬೇರೆಯಾದವು. ಬಲ್ಬು ಆರಿತು. ಪಕ್ಕದ ಇನ್ನೊಂದು ತಂತಿಯ ಹೊದಿಕೆಯ ಮೇಲೂ ಹಲ್ಲಿನ ಗುರುತು ಇದೆ, ತಾಮ್ರ ಕಾಣುತ್ತಿಲ್ಲ.

ಇದನ್ನು ನಾನೇ ಜೋಡಿಸುವುದಿಲ್ಲ, ಇಲ್ಲಿನ ವೈರಿಂಗ್ ಕೆಲಸದವರಿಂದ ಮಾಡಿಸುತ್ತೇನೆ. ಅವರಿಗೆ ಏನು ಹೇಳಬೇಕು? ತಿರುಚಿ ಟೇಪ್ ಸುತ್ತಿದರೆ ಸಾಕೇ?

ಬಳ್ಳಾರಿ ಆಟೊ ವೈರಿಂಗ್

ಬಹಳ ಸಂತೋಷವಾಯಿತು, ಅಕ್ಕಾವರೆ. ಮಗಳಿಗೂ ಶಹಬ್ಬಾಸ್ ಹೇಳಿ.

ತಿರುಚಿ ಟೇಪ್ ಸುತ್ತಿದರೆ ಸಾಲದು. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಮಳೆಗಾಲದಲ್ಲಿ ಮತ್ತೆ ಕಿಲುಬು ಹಿಡಿಯುತ್ತದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿ. ಹಸಿರು ಹಿಡಿದ ತಂತಿಯನ್ನು ಎರಡೂ ಕಡೆ ಕತ್ತರಿಸುತ್ತ ಹೋಗಬೇಕು. ಕಿಲುಬು ಹೊದಿಕೆಯ ಒಳಗೂ ಹರಿದಿರುತ್ತದೆ. ತಾಮ್ರ ಹೊಳೆಯುವಷ್ಟು ಸ್ವಚ್ಛವಾಗಿ ಕಾಣುವ ತನಕ ಕತ್ತರಿಸಿ, ನಡುವೆ ಅದೇ ದಪ್ಪದ, ಬಿಸಿ ತಡೆಯುವ ಆಟೊ ತಂತಿ ಸೇರಿಸಬೇಕು. ಮನೆ ವೈರಿಂಗಿನ ತಂತಿ ಬೇಡ. ಎರಡೂ ಜೋಡಣೆಗಳನ್ನು ಕ್ರಿಂಪ್ ತೋಳು (ಒತ್ತಿ ಬಿಗಿಸುವ ಲೋಹದ ಚಿಕ್ಕ ಕೊಳವೆ) ಹಾಕಿ ಒತ್ತಿಸಿ, ಅದರ ಮೇಲೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ, ಒಳಗೆ ಅಂಟು ಇರುವ) ಕೊಳವೆ ಹಾಕಿ ಬಿಸಿ ಮಾಡಿಸಿ. ಹಲ್ಲಿನ ಗುರುತಿರುವ ತಂತಿಗೂ ಹೊದಿಕೆ ಮಾಡಿಸಿ. ಎರಡು ಜೋಡಣೆಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಇರಲಿ. ಕೊನೆಗೆ ಕೊಳವೆ, ಕ್ಲಿಪ್ ಮೊದಲಿನ ಜಾಗದಲ್ಲೇ ಕೂರಬೇಕು.

ಈ ರಿಪೇರಿ ಗಾಡಿಯ ಕಡೆಯ ತಂತಿಗೆ ಮಾತ್ರ. ಸೆನ್ಸರಿನಿಂದ ಕಪ್ಲರ್‌ವರೆಗಿನ ನಾಲ್ಕು ತಂತಿಗಳನ್ನು ಯಾರೂ ಕತ್ತರಿಸಬಾರದು, ಬೆಸುಗೆ ಹಾಕಬಾರದು, ಅದರ ಕಪ್ಲರಿಗೆ ಗ್ರೀಸ್ ತುಂಬಬಾರದು. ಎಷ್ಟೋ ಸೆನ್ಸರುಗಳು ಹೊರಗಿನ ಗಾಳಿಯನ್ನು ಆ ತಂತಿಗಳ ಎಳೆಗಳ ಸಂದಿನಿಂದಲೇ ಒಳಗೆ ತೆಗೆದುಕೊಳ್ಳುತ್ತವೆ. ಅಲ್ಲಿ ಸೀಸ ಅಥವಾ ಗ್ರೀಸ್ ಅಡ್ಡ ನಿಂತರೆ ಒಳ್ಳೆಯ ಸೆನ್ಸರ್ ಕೂಡ ಸುಳ್ಳು ಹೇಳತೊಡಗುತ್ತದೆ.

ಕೆಲಸ ಮುಗಿದ ಮೇಲೆ ಅದೇ 21 ವ್ಯಾಟಿನ ಬಲ್ಬು ಹಿಡಿದು ಅಳೆಯಿರಿ. 12 ವೋಲ್ಟಿಗಿಂತ ಕೆಳಗೆ ಬರಬಾರದು. ಅದು ಸರಿ ಬಂದರೆ ಮಾತ್ರ ಕಪ್ಲರ್ ಸೇರಿಸಿ ಕೋಡ್ ಅಳಿಸಿ. ಮಾರನೆಯ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಸ್ಕ್ಯಾನರಿನಲ್ಲಿ ಮೊದಲನೆಯ ಸೆನ್ಸರಿನ ವೋಲ್ಟೇಜ್ ನೋಡಿ. ನಿಮಿಷ, ಒಂದೂವರೆ ನಿಮಿಷದಲ್ಲಿ 0.1ಕ್ಕೂ 0.9ಕ್ಕೂ ನಡುವೆ ಏರಿಳಿಯಲು ಶುರುವಾಗಬೇಕು.

ಇಲಿಗೆ ವಿಷ ಇಡಬೇಡಿ. ತಿಂದ ಇಲಿ ಎಂಜಿನ್ ಸಂದಿಯಲ್ಲೋ ಎಸಿಯ ಗಾಳಿ ದಾರಿಯಲ್ಲೋ ಹೋಗಿ ಸತ್ತರೆ ವಾಸನೆ ತಿಂಗಳು ಬಿಡುವುದಿಲ್ಲ. ಚೀಲಗಳನ್ನು ಬೇರೆ ಕಡೆ ಒಟ್ಟಲು ಮಾವನವರು ಒಪ್ಪಿದರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ರಾತ್ರಿ ಬಾನೆಟ್ ತೆರೆದಿಡಿ. ಕತ್ತಲು, ಮುಚ್ಚಿದ ಜಾಗ ಇಲ್ಲದಿದ್ದರೆ ಅವು ಗೂಡು ಮಾಡುವುದು ಕಡಿಮೆ.

ಸಿಂಧನೂರು ವಿಜ್ಞಾನ ಶಿಕ್ಷಕಿ

ನೀವು ಬರೆದದ್ದನ್ನು ಓದಿ ಹೇಳಿ, ಎದುರಿಗೆ ನಿಂತು ಮಾಡಿಸಿದೆ. ಕೂಲಿ, ಸಾಮಾನು ಸೇರಿ ನಾಲ್ಕು ನೂರು ರೂಪಾಯಿ. ಬಲ್ಬು ಹಿಡಿದಾಗ ಸಪ್ಲೈ ಪಿನ್ನಿನಲ್ಲಿ 12.2 ವೋಲ್ಟ್ ನಿಂತಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಿಮಿಷದೊಳಗೆ ಸೆನ್ಸರಿನ ವೋಲ್ಟೇಜ್ ಏರಿಳಿಯುತ್ತಿರುವುದು ಮೊಬೈಲಿನಲ್ಲೇ ಕಂಡಿತು. ದೀಪ ಮತ್ತೆ ಬಂದಿಲ್ಲ, ಪೆಟ್ರೋಲ್ ವಾಸನೆ ಇಲ್ಲ. ಚೀಲಗಳ ವಿಷಯ ಮಾವನವರ ಜೊತೆ ಮಾತಾಡಿದ್ದೇನೆ. ಮುಂದಿನ ಬೆಳೆಗೆ ಜಾಗ ಬದಲಿಸುತ್ತಾರಂತೆ.

ಕೊನೆಯ ಪ್ರಶ್ನೆ. ಹಳೆಯ ಸೆನ್ಸರ್ ಚೆನ್ನಾಗಿಯೇ ಇದೆ ಎಂದಾಯಿತಲ್ಲ, ಅದನ್ನೇ ಮತ್ತೆ ಹಾಕಿಸಲೇ?

ಬಳ್ಳಾರಿ ಆಟೊ ವೈರಿಂಗ್

ಬೇಡ, ಅಕ್ಕಾವರೆ. ಹೊಸದು ಕೂತಾಗಿದೆ, ಕೆಲಸ ಮಾಡುತ್ತಿದೆ. ಸುಮ್ಮನೆ ಮತ್ತೆ ಮರೆ ಬಿಚ್ಚಿಸಬೇಡಿ. ಹಳೆಯದನ್ನು ಹೊಸ ಸೆನ್ಸರಿನ ಡಬ್ಬಿಯಲ್ಲೇ ಹಾಕಿ ಮನೆಯ ಕಪಾಟಿನಲ್ಲಿಡಿ. ಡಿಕ್ಕಿಯಲ್ಲಿ ಉರುಳಾಡಿದರೆ ಒಳಗಿನ ಪಿಂಗಾಣಿ ಬಿರಿಯುತ್ತದೆ. ತುದಿಯ ತೂತುಗಳಿಗೆ ಎಣ್ಣೆ, ಗ್ರೀಸ್ ಮುಟ್ಟಬಾರದು. ಡಬ್ಬಿಯ ಮೇಲೆ 13.1 ಓಂ ಎಂದೂ ಅಳೆದ ತಾರೀಖನ್ನೂ ಬರೆದಿಡಿ.